ಪೆಟ್ಟಿಗೆ ಬಿಚ್ಚಿದ ದಿನ

ಬಡಗಣ ನಾರ್ವೆಯ ಆ ದ್ವೀಪದಲ್ಲಿ ಅಕ್ಟೋಬರ್ ಕೊನೆಯ ಹಗಲೆಂದರೆ
ಗುಬ್ಬಿಯ ಹಾಗೆ: ಬಂತು, ಕುಕ್ಕಿತು, ಹೋಯಿತು.
ತೂರ್ಗುನ್ ವ್ಯಾನು ನಿಲ್ಲಿಸಿದಾಗ ಬೆಳಗಿನ ಏಳು,
ಹಣೆಗೆ ದೀಪ ಕಟ್ಟಿಕೊಂಡೇ ಇಳಿದಳು.

ಗೋಡೆಯ ಪಕ್ಕ ಒಂದು ಪೆಟ್ಟಿಗೆ.
ಪೆಟ್ಟಿಗೆಯೇನು, ಪುಟ್ಟ ಮನೆಯೇ ಸೈ:
ಪೈನ್ ಹಲಗೆ, ಹಲ್ಲಿಗೆ ಹಲ್ಲು ಕೂಡಿಸಿದ ಮೂಲೆ,
ಟಾರು ಬಳಿದ ಮಾಡು, ಹಿತ್ತಾಳೆಯ ಚಿಲಕ.
ದೋಣಿ ಕಟ್ಟುವ ಐಲೆರ್ಟ್‌ನ ಕೈ, ಒಂದು ಮೊಳೆ ಓರೆಯಿಲ್ಲ.
ಒಳಗೆ ಹೀಟ್ ಪಂಪು
ಸತ್ತಿತ್ತು.

"ಎರಡು ಚಳಿಗಾಲ ಬೆಚ್ಚಗಿಟ್ಟೆ," ಎಂದ ಐಲೆರ್ಟ್,
ಸಾಕಿದ ನಾಯಿ ಕಚ್ಚಿತೆಂಬ ದನಿಯಲ್ಲಿ.
"ಉಪ್ಪುಗಾಳಿ ತಾಗದ ಹಾಗೆ, ಹಿಮ ಬೀಳದ ಹಾಗೆ."

ಅವಳು ನಗಲಿಲ್ಲ. ಮೊಣಕಾಲೂರಿ ಬೆಳಕು ಹಾಯಿಸಿದಳು:
ಹೋದ ಚಳಿಯ ಮಂಜುಗಡ್ಡೆ ಮುರಿದ ಫ್ಯಾನು,
ಬೆಚ್ಚಗೆ ಸಂಸಾರ ಹೂಡಿದ ಇಲಿ ಕಡಿದ ತಂತಿ.
"ಇದು ಚಳಿಯೊಳಗಿಂದಲೇ ಬಿಸಿ ಹೆಕ್ಕುವಂಥದ್ದು,
ಹೊಟ್ಟಿನ ರಾಶಿಯಲ್ಲಿ ಕೋಳಿ ಕಾಳು ಹೆಕ್ಕುವ ಹಾಗೆ.
ನೀವು ಕದ ಹಾಕಿದಿರಿ.
ತಾನು ಉಗುಳಿದ ಗಾಳಿಯನ್ನೇ ತಾನು ಕುಡಿದು ಕುಡಿದು..."
ಮಾತನ್ನು ಅಲ್ಲಿಗೇ ಬಿಟ್ಟು ಟೇಪು ತೆಗೆದಳು.

ಬೋರ್ಗ್‌ಹಿಲ್ ಕಾಫಿ ತಂದಳು. ಅವಳ ದೂರು ಬೇರೆ:
ಮಲಗುವ ಕೋಣೆಯ ಗೋಡೆಗೇ ಬಿಗಿದಿದ್ದರಿಂದ
ಇಡೀ ಮರದ ಮನೆ ತಂಬೂರಿಯಾಗಿ
ಇರುಳಿಡೀ ಒಂದೇ ಸ್ವರ.
"ಎರಡು ವರ್ಷ ಅಡುಗೆಮನೆಯ ಬೆಂಚಿನ ಮೇಲೆ ಮಲಗಿದೆ.
ಇವನಿಗೆ ಹೇಳಲಿಲ್ಲ. ನಿನ್ನ ಗೊರಕೆ ಎಂದೆ."
ಐಲೆರ್ಟ್ ತನ್ನ ಲೋಟದೊಳಗೆ ನೋಡಿದ,
ಬಹಳ ಹೊತ್ತು.

ಜಾಗ ಹುಡುಕುವುದೇ ಅರ್ಧ ಕೆಲಸ.
ಮಾಡಿನ ಇಳಿಜಾರಿನ ಕೆಳಗೆ ಬೇಡ, ಹಿಮ ಸಡಿಲಾದ ದಿನ
ಎಮ್ಮೆ ಉರುಳಿದ ಹಾಗೆ ಒಂದೇ ಏಟಿಗೆ ಉರುಳುತ್ತದೆ.
ಕಡಲಿನ ಕಡೆ ಬೇಡ. ಮೆಟ್ಟಿಲ ಹತ್ತಿರವಂತೂ ಬೇಡವೇ ಬೇಡ:
ಇದು ಬೆವರುತ್ತದೆ, ಬೆವರು ಗಾಜಾಗುತ್ತದೆ,
ಅಂಚೆಯವಳ ಸೊಂಟಕ್ಕೆ ಯಾರು ಹೊಣೆ?
ಕೊನೆಗೆ ಮೂಡಣ ಗೋಡೆ, ಮಾಡಿನ ನೀರು ಇಳಿಯದ ಮಗ್ಗುಲು.
"ಹಿಮ ಇಲ್ಲಿವರೆಗೆ," ಎಂದು ಐಲೆರ್ಟ್ ತೊಡೆ ತೋರಿಸಿದ.
ಅವಳು ಅವನ ಸೊಂಟದ ಎತ್ತರಕ್ಕೆ ಗೆರೆ ಎಳೆದಳು.

ಗೋಡೆ ಮುಟ್ಟದೆ ನೆಲಕ್ಕೇ ಕಬ್ಬಿಣದ ಕಾಲು,
ಕಾಲಿಗೆ ರಬ್ಬರಿನ ಮೆಟ್ಟು,
ಬೆನ್ನಿಗೂ ಗೋಡೆಗೂ ನಡುವೆ ದೊಡ್ಡದೊಂದು ಗೇಣು,
ಮುಖದೆದುರು ಬಯಲು.
ಕರೆಂಟು ಆರಿಸಿ, ಸ್ವಿಚ್ಚಿಗೆ ಬೀಗ ಜಡಿದು,
ಕೀಲಿ ತನ್ನ ಜೇಬಿಗೆ.
ತಾಮ್ರದ ಕೊಳವೆಯಿಂದ ಗಾಳಿಯೆಲ್ಲ ಹೀರಿ ತೆಗೆದು
ಮುಳ್ಳು ಅಲುಗುತ್ತದೋ ಎಂದು ಕಾಯುತ್ತ ಕೂತಳು.
"ಬೇಗ ಮುಗಿಸಿ," ಎಂದ ಐಲೆರ್ಟ್, "ಕತ್ತಲಾಗುತ್ತಿದೆ."
"ಬೇಗ ಮುಗಿಸಿದವನೊಬ್ಬ ನನಗೆ ಕೆಲಸ ಕಲಿಸಿದ," ಎಂದಳು.
"ಅನಿಲ ಸಿಡಿದು ಅವನ ಎರಡು ಬೆರಳು ಹಿಮವಾದವು."
ಕೈಗವಸು ಎಳೆದುಕೊಂಡಳು. ಮುಳ್ಳು ಅಲುಗಲಿಲ್ಲ.

"ಹಾಗಾದರೆ ನನ್ನ ಪೆಟ್ಟಿಗೆ?"
"ಮಾಡು ಇರಲಿ. ಗೋಡೆ ಬೇಡ."

ಒಂದೊಂದೇ ಮೊಳೆ ಕಿತ್ತ. ಒಂದೂ ಬಾಗದ ಹಾಗೆ.
ನಾಲ್ಕು ಕಂಬದ ಮೇಲೆ ಮಾಡೊಂದೇ ಉಳಿಯಿತು,
ಸಂತೆ ಮುಗಿದ ಅಂಗಡಿಯ ಹಾಗೆ.
ಚಿಲಕವನ್ನು ಏನು ಮಾಡುವುದೋ ತಿಳಿಯದೆ
ಕೋಟಿನ ಜೇಬಿಗೆ ಹಾಕಿಕೊಂಡ.

ಹೊಟ್ಟೆ ತಣ್ಣಗಿರಲಿ ಎಂದು ಹರಸುವ ನನ್ನ ಭಾಷೆಗೆ
ಈ ಊರನ್ನು ಹೇಳುವುದು ಕಷ್ಟ.
ಇಲ್ಲಿ ತಣ್ಣಗಾದದ್ದೆಲ್ಲ ಸಾವಿನ ಸುದ್ದಿ.
ಆದರೂ ನೋಡಿ, ಈ ಒಂದು ಯಂತ್ರಕ್ಕೆ ಅದೇ ಹರಕೆ ಸಲ್ಲುತ್ತದೆ:
ತಣ್ಣಗಿರಪ್ಪ, ಹೊರಗಿರು, ಗಾಳಿಗೆ ಮುಖ ಕೊಟ್ಟಿರು.

ನಡುರಾತ್ರಿ ಮೂಡಣದ ಕಡೆ ಬಿಳಿ ಹೊಗೆ.
ಐಲೆರ್ಟ್ ಬಕೆಟ್ಟು ಹಿಡಿದು, ಬರಿಗಾಲಲ್ಲಿ ಓಡಿದ.
ಬೆಂಕಿಯಲ್ಲ. ತನ್ನ ಮೇಲಿನ ಮಂಜನ್ನು ತಾನೇ ಕರಗಿಸಿಕೊಂಡು
ಅದು ಆವಿ ಬಿಡುತ್ತಿತ್ತು, ಓಡಿ ಬಂದು ನಿಂತ ಕುದುರೆಯಂತೆ.
ಕೈಯೆತ್ತಿ, ತಟ್ಟಲು ಹೋಗಿ, ತಟ್ಟದೆ ಬಂದ.

ಒಳಗೆ ಬೋರ್ಗ್‌ಹಿಲ್ ಮಂಚದ ಮೇಲೆ, ಎರಡು ವರ್ಷದ ಮೇಲೆ.
ಗೋಡೆಗೆ ಕಿವಿ ಹಚ್ಚಿದಳು. ಸದ್ದಿಲ್ಲ.
ಅವನು ಬಂದು ಮಲಗಿದ. ಕಾಲು ಮಂಜುಗಡ್ಡೆ.
ಐದು ನಿಮಿಷಕ್ಕೆ ಶುರುವಾಯಿತು
ನಿಜವಾದ ಗೊರಕೆ.
ಬೆಂಚು ನೆನಪಾಯಿತು ಅವಳಿಗೆ.
ಏಳಲಿಲ್ಲ.